ಬತ್ತಳಿಕೆ ಬರಿದಾದರೆ?

2025ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಲ್ಲಿ ಪ್ರಧಾನಿ ಘೋಷಿಸಿದ ‘ಸುದರ್ಶನ ಚಕ್ರ’ ಯೋಜನೆ, 2035ರೊಳಗೆ ದೇಶದ ಸೇನಾ ನೆಲೆಗಳ ಜೊತೆಗೆ ಆಸ್ಪತ್ರೆ, ರೈಲು ನಿಲ್ದಾಣ, ಶ್ರದ್ಧಾಕೇಂದ್ರಗಳಿಗೂ ವಾಯುದಾಳಿಯಿಂದ ರಕ್ಷಣೆಯ ಭರವಸೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗೆ ನಡೆದ ಸಂಘರ್ಷದಲ್ಲಿ ವಾಯುರಕ್ಷಣಾ ವ್ಯವಸ್ಥೆಗಳಾದ ಎಸ್-400, ಆಕಾಶ್‌ಗಳು ತೋರಿದ ಸಾಮರ್ಥ್ಯದ ಬಳಿಕ ಈ ಉತ್ಸಾಹ ಸಹಜ. ಆದರೆ ಶತ್ರುವಿನ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯಬಲ್ಲೆವೇ ಎಂಬುದಕ್ಕಿಂತ, ಹಾಗೆ ಎಷ್ಟು ದಿನ ಹೊಡೆಯಬಲ್ಲೆವು ಎಂಬುದೇ ಈಗ ಕೇಳಬೇಕಾದ ಪ್ರಶ್ನೆ.

ಹೊಡೆಯುವ ಕೌಶಲದ ಬಗ್ಗೆ ಅನುಮಾನವೇನೂ ಉಳಿದಿಲ್ಲ. ಯಾರೂ ತಡೆಯಲಾರರು ಎಂದು ರಷ್ಯಾ ಬೀಗುತ್ತಿದ್ದ ಕಿಂಜಾಲ್ ಕ್ಷಿಪಣಿಯನ್ನು 2023ರ ಮೇನಲ್ಲಿ ಉಕ್ರೇನ್ ಅಮೆರಿಕ ನಿರ್ಮಿತ, ಹಳೆಯ ಹೆಸರಿನ ಪೇಟ್ರಿಯಟ್‌ನಿಂದಲೇ ಕೆಡವಿತು. 2024ರ ಏಪ್ರಿಲ್‌ನಲ್ಲಿ ಇರಾನ್ ಕಳಿಸಿದ ಮುನ್ನೂರಕ್ಕೂ ಹೆಚ್ಚು ಡ್ರೋನ್, ಕ್ಷಿಪಣಿಗಳಲ್ಲಿ ಬಹುಪಾಲನ್ನು ಇಸ್ರೇಲ್ ಮತ್ತು ಮಿತ್ರರು ದಾರಿಯಲ್ಲೇ ಉರುಳಿಸಿದರು. ನಿಧಾನಗತಿಯ ಡ್ರೋನ್‌ಗಳು ಬರಲು ಗಂಟೆಗಟ್ಟಲೆ ಹಿಡಿದಿತ್ತು, ಸಿದ್ಧರಾಗಲು ಸಮಯವಿತ್ತು. ಅಕ್ಟೋಬರ್‌ನಲ್ಲಿ ಇರಾನ್ ಪಾಠ ಕಲಿತಿತ್ತು: ಸುಮಾರು 180 ಬ್ಯಾಲಿಸ್ಟಿಕ್ ಕ್ಷಿಪಣಿಗಳನ್ನೇ ಒಟ್ಟಿಗೆ ಹಾರಿಸಿತು, ನೆವಾತಿಮ್ ವಾಯುನೆಲೆಯ ಮೇಲೆ ಹತ್ತಾರು ಬಿದ್ದವು. 2025ರ ಜೂನ್‌ನ ಹನ್ನೆರಡು ದಿನಗಳ ಯುದ್ಧದಲ್ಲಿ ಬೀರ್‌ಶೆಬಾದ ಆಸ್ಪತ್ರೆಗೂ ಹೈಫಾದ ತೈಲ ಸಂಸ್ಕರಣಾಗಾರಕ್ಕೂ ಏಟು ಬಿತ್ತು. ನೆರವಿಗೆ ನಿಂತ ಅಮೆರಿಕ, ಬರುವ ಕ್ಷಿಪಣಿಯನ್ನು ತಡೆದು ಕೆಡವುವ ತನ್ನ ಥಾಡ್ ಪ್ರತಿಬಂಧಕಗಳ ದಾಸ್ತಾನಿನಲ್ಲಿ ಸುಮಾರು ಕಾಲು ಭಾಗವನ್ನು ಖರ್ಚು ಮಾಡಿತೆಂದು ವರದಿಗಳು ಹೇಳಿದವು. ಜಗತ್ತಿನ ಅತಿ ದೊಡ್ಡ ರಕ್ಷಣಾ ಬಜೆಟ್ ಇರುವ ದೇಶದ ಬತ್ತಳಿಕೆಯ ಕಥೆ ಇದು, ಅದೂ ಎರಡು ವಾರ ತುಂಬುವ ಮೊದಲೇ.

ಹತ್ತಾರು ಸಾವಿರ ಡಾಲರ್‌ಗಳ ಶಾಹೆದ್ ಡ್ರೋನ್‌ಗೆ ಸುಮಾರು 40 ಲಕ್ಷ ಡಾಲರ್‌ಗಳ ಪೇಟ್ರಿಯಟ್ ಕ್ಷಿಪಣಿಯನ್ನು ಹೋಲಿಸುವುದು ತಪ್ಪು ಲೆಕ್ಕ, ಉಳಿಯುವ ಆಸ್ಪತ್ರೆಯ ಬೆಲೆಯನ್ನೂ ಸೇರಿಸಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹಣ ಮಂಜೂರಾದ ಮಾತ್ರಕ್ಕೆ ಕಾರ್ಖಾನೆಯ ವೇಗ ಹೆಚ್ಚುವುದಿಲ್ಲ. ಒಂದು ಗುರಿಗೆ ಎರಡು ಪ್ರತಿಬಂಧಕ ಹಾರಿಸುವುದು ವಾಡಿಕೆ, ಹಾಗಾಗಿ ದಾಳಿಕೋರನ ಒಂದಕ್ಕೆ ರಕ್ಷಕನ ಎರಡು ಕರಗುತ್ತವೆ. ಇದು ಹೊಸ ಗಣಿತವೂ ಅಲ್ಲ. ಪ್ರತಿಬಂಧಕಗಳನ್ನು ಮೀರಲೆಂದೇ ಅಮೆರಿಕ ಒಂದೇ ಕ್ಷಿಪಣಿಯಲ್ಲಿ ಹಲವು ಸಿಡಿತಲೆ ಇಟ್ಟಿತು, ಈ ಪೈಪೋಟಿಗೆ ಕಡಿವಾಣ ಹಾಕಲು 1972ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದಕ್ಕೂ ಸಹಿ ಮಾಡಿತು, 2002ರಲ್ಲಿ ಅದರಿಂದ ಹೊರಬಂತು. 2024ರ ಮಾರ್ಚ್‌ನಲ್ಲಿ ಅಗ್ನಿ-5ಕ್ಕೆ ಹಲವು ಸಿಡಿತಲೆ ಜೋಡಿಸಿ ಪರೀಕ್ಷಿಸಿದ ನಮಗೆ ಈ ತರ್ಕವನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಲೇಸರ್ ಬಂದರೆ ಎಲ್ಲ ಬದಲಾಗುತ್ತದೆ ಎನ್ನುವವರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಕರ್ನೂಲಿನಲ್ಲಿ ಡಿಆರ್‌ಡಿಒ 30 ಕಿಲೋವ್ಯಾಟ್ ಲೇಸರ್‌ನಿಂದ ಡ್ರೋನ್ ಸುಟ್ಟು ತೋರಿಸಿದೆ, ಡ್ರೋನ್‌ಗಳ ಮಟ್ಟಿಗೆ ಇದೇ ಸರಿಯಾದ ದಾರಿ. ಆದರೆ ಮೋಡ, ಧೂಳು ಕವಿದರೆ ಕಿರಣದ ಬಲ ಕುಂದುತ್ತದೆ, ವೇಗದ ಬ್ಯಾಲಿಸ್ಟಿಕ್ ಕ್ಷಿಪಣಿಗೆ ಅದು ಸದ್ಯ ಸಾಲದು. ಹಾಗಾದರೆ ರಕ್ಷಣೆಯೇ ವ್ಯರ್ಥವೇ? ಖಂಡಿತ ಅಲ್ಲ, ಅದಿಲ್ಲದ ನಗರಗಳಿಗೆ ಆಗುವ ಗತಿಯನ್ನು ಉಕ್ರೇನ್ ನೋಡುತ್ತಿದೆ. ಎಲ್ಲವನ್ನೂ ಕಾಯುತ್ತೇವೆ ಎಂಬ ಮಾತನ್ನಷ್ಟೇ ಸರ್ಕಾರ ಬಿಡಬೇಕು. ಯಾವುದನ್ನು ಮೊದಲು ಕಾಯಬೇಕೆಂದು ನಿರ್ಧರಿಸಿ, ರಕ್ಷಣಾ ಉತ್ಪಾದನಾ ಸಂಸ್ಥೆಗಳಾದ ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಬಿಡಿಎಲ್‌ಗಳಿಗೆ ಹಲವು ವರ್ಷಗಳ ಖಚಿತ ಬೇಡಿಕೆ ಕೊಡಲಿ. ಸುದರ್ಶನ ಚಕ್ರದ ಪ್ರಗತಿಯನ್ನು ಸಂಸತ್ತು ಯಶಸ್ವಿ ಪರೀಕ್ಷೆಗಳ ಎಣಿಕೆಯಿಂದಲ್ಲ, ತಿಂಗಳಿಗೆ ತಯಾರಾಗುವ ಪ್ರತಿಬಂಧಕಗಳ ಎಣಿಕೆಯಿಂದ ಅಳೆಯಲಿ.