ಕ್ಲಬ್ ಯಾರದು, ಲೆಕ್ಕ ಯಾರಿಗೆ?

2025ರ ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಕೊಡುವುದನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಎರಡು ಸಲ ಐ-ಲೀಗ್, ಒಂದು ಸಲ ಐಎಸ್‌ಎಲ್ ಗೆದ್ದ ಕ್ಲಬ್ ಅದು. ಮಾಲೀಕರು ಜೆಎಸ್‌ಡಬ್ಲ್ಯು ಸಮೂಹದವರು. ಅವರ ಬಳಿ ಹಣವಿತ್ತು, ಲೀಗ್ ನಡೆಯುವ ಖಾತ್ರಿ ಇರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಮಾಡಿಕೊಂಡಿದ್ದ 15 ವರ್ಷಗಳ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ಆ ತಾರೀಖು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೂ ಮುಂದಿನ ಏರ್ಪಾಡು ಆಗಿರಲಿಲ್ಲ. ಜುಲೈನಲ್ಲಿ ಸಂಘಟಕರು ಐಎಸ್‌ಎಲ್ ಲೀಗನ್ನೇ ತಡೆಹಿಡಿದರು. ಮೈದಾನದ ಒಳಗೆ ಯಾವ ತಪ್ಪೂ ಮಾಡದ ಆಟಗಾರರು ಅದರ ಬೆಲೆ ತೆತ್ತರು.

ಮೇಲಿನ ದರ್ಜೆಯ ಕ್ಲಬ್ ಆದ್ದರಿಂದ ಇದು ದೇಶದ ಸುದ್ದಿಯಾಯಿತು. ಎರಡನೆಯ, ಮೂರನೆಯ ದರ್ಜೆಯ ಕ್ಲಬ್‌ಗಳಲ್ಲಿ ಸಂಬಳ ತಡವಾದರೆ ಅದು ಆಟಗಾರನ ಮನೆಯವರಿಗೆ, ಮೆಸ್ ನಡೆಸುವವರಿಗೆ, ಬಾಡಿಗೆ ಮನೆಯ ಮಾಲೀಕರಿಗೆ ಮಾತ್ರ ಗೊತ್ತಾಗುವ ವಿಷಯ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಹುಡುಗರು ಕಾಲಿಡಬಹುದಾದ ಫುಟ್‌ಬಾಲ್ ಜಗತ್ತು ಆ ಕೆಳಗಿನ ದರ್ಜೆಗಳದ್ದು. ಆದ್ದರಿಂದ ಅಲ್ಲಿನ ವ್ಯವಹಾರ ನಮಗೆ ಸಂಬಂಧಿಸಿದ್ದು.

ಕರ್ನಾಟಕದ ಫುಟ್‌ಬಾಲ್ ಎಂದರೆ ಬಹುಪಾಲು ಬೆಂಗಳೂರಿನ ಫುಟ್‌ಬಾಲ್. ರಾಜ್ಯದ ಪ್ರತಿಷ್ಠಿತ ಲೀಗಿನ ಹೆಸರೇ ಬೆಂಗಳೂರು ಸೂಪರ್ ಡಿವಿಷನ್. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವೇ ಅದರ ಕೇಂದ್ರ. ಹಾವೇರಿಯಿಂದ ಅಲ್ಲಿಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಇಷ್ಟು ದೂರ ಹೋದ ಹುಡುಗನಿಗೆ ಹಿಂದಿನ ದಶಕಗಳಲ್ಲಿ ಒಂದು ಭರವಸೆಯಾದರೂ ಸಿಗುತ್ತಿತ್ತು. ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಉದ್ದಿಮೆಗಳು ತಂಡ ಕಟ್ಟಿದ್ದವು. ಚೆನ್ನಾಗಿ ಆಡಿದವನಿಗೆ ಕಾರ್ಖಾನೆಯಲ್ಲಿ ಕೆಲಸ, ಪಿಎಫ್, ನಿವೃತ್ತಿಯವರೆಗೆ ಸಂಬಳ. ಮೊಣಕಾಲು ಕೈಕೊಟ್ಟರೂ ಮನೆ ನಡೆಯುತ್ತಿತ್ತು. ಮೈಸೂರು ರಾಜ್ಯದ ಹೆಸರಿನಲ್ಲಿ ನಾವು 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದೆವು. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಮತ್ತೆ ಟ್ರೋಫಿ ಬಂತು.

ಕಾರ್ಖಾನೆ ತಂಡಗಳ ಕಾಲ ಮುಗಿದದ್ದಕ್ಕೆ ಎಚ್‌ಎಎಲ್ ಒಳ್ಳೆಯ ಉದಾಹರಣೆ. 2010ರಲ್ಲಿ ಅದು ಐ-ಲೀಗಿಗೆ ಬಡ್ತಿ ಪಡೆಯಿತು. ಗೋವಾ, ಕೋಲ್ಕತ್ತದ ಕ್ಲಬ್‌ಗಳು ವಿದೇಶಿ ಆಟಗಾರರಿಗೆ ದೊಡ್ಡ ಹಣ ಸುರಿಯುತ್ತಿದ್ದಾಗ ಇವರು ಕಾರ್ಖಾನೆಯ ನೌಕರರನ್ನೇ ಕಟ್ಟಿಕೊಂಡು ಆಡಿದರು. 2012ರಲ್ಲಿ ಕೆಳಗಿಳಿದರು. ಆ ತಂಡವನ್ನು ಸೋತ ತಂಡ ಎನ್ನಲು ನನಗೆ ಮನಸ್ಸಿಲ್ಲ. ಅದರ ಆಟಗಾರರ ಸಂಬಳ ಲೀಗಿನ ಅಂಕಪಟ್ಟಿಯನ್ನು ನೆಚ್ಚಿಕೊಂಡಿರಲಿಲ್ಲ. ಇಂದಿನ ಬಹುತೇಕ ಕ್ಲಬ್‌ಗಳ ಬಗ್ಗೆ ಹಾಗೆ ಹೇಳಲಾಗದು.

ಕಾರ್ಖಾನೆಯ ಜಾಗಕ್ಕೆ ಬಂದವರು ಪೋಷಕ ಮಾಲೀಕರು. ಕಂಪನಿಗೋ ವ್ಯಕ್ತಿಗೋ ಉತ್ಸಾಹ ಇರುವಷ್ಟು ದಿನ ಕ್ಲಬ್. ಪಂಜಾಬಿನ ಜೆಸಿಟಿ ರಾಷ್ಟ್ರೀಯ ಲೀಗಿನ ಮೊದಲ ಚಾಂಪಿಯನ್. ಟಿವಿಯಲ್ಲಿ ಕಾಣಿಸದ ಆಟಕ್ಕೆ ಹಣ ಹಾಕಿ ಫಲವಿಲ್ಲ ಎಂದು ಮಾಲೀಕರಿಗೆ ಅನ್ನಿಸಿದ ಮೇಲೆ, 2011ರಲ್ಲಿ ಅದು ಬಾಗಿಲು ಹಾಕಿತು. ಮುಂಬೈನ ಮಹೀಂದ್ರಾ ಯುನೈಟೆಡ್ ಅದಕ್ಕೂ ಒಂದು ವರ್ಷ ಮೊದಲೇ ಮುಚ್ಚಿತ್ತು. ಬೆಂಗಳೂರಿನಲ್ಲಿ ರಿಯಲ್ ಎಸ್ಟೇಟ್ ಕಂಪನಿಯೊಂದು 2015ರಲ್ಲಿ ಕಟ್ಟಿದ ಓಝೋನ್ ಎಫ್‌ಸಿ ಎರಡನೆಯ ದರ್ಜೆಯಲ್ಲಿ ಕೆಲವು ವರ್ಷ ಆಡಿ ಮರೆಯಾಯಿತು. ಹೈದರಾಬಾದ್ ಎಫ್‌ಸಿಯ ಕಥೆ ಎಲ್ಲಕ್ಕಿಂತ ನೋವಿನದು. ಮುಚ್ಚಿದ ಪುಣೆ ಸಿಟಿ ಕ್ಲಬ್ಬಿನ ಜಾಗದಲ್ಲಿ 2019ರಲ್ಲಿ ಹುಟ್ಟಿ, 2021-22ರಲ್ಲಿ ಐಎಸ್‌ಎಲ್ ಚಾಂಪಿಯನ್ ಆಯಿತು. ಎರಡೇ ಋತುಗಳಲ್ಲಿ ಸಂಬಳ ಬಾಕಿ, ಫಿಫಾದಿಂದ ಹೊಸ ಆಟಗಾರರ ನೋಂದಣಿಗೆ ನಿಷೇಧ, ಒಬ್ಬೊಬ್ಬರಾಗಿ ಹೊರನಡೆದ ಆಟಗಾರರು. 2025ರಲ್ಲಿ ಆ ತಂಡ ದೆಹಲಿಗೆ ಹೋಗಿ ಹೊಸ ಹೆಸರು ಇಟ್ಟುಕೊಂಡಿತು. ಆರು ವರ್ಷದಲ್ಲಿ ಮೂರು ಊರು. ಹೈದರಾಬಾದಿನ ಅಭಿಮಾನಿಗಳನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಇರಲಿಲ್ಲ.

ಇಂಥ ಕ್ಲಬ್‌ಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು, ಮರುವರ್ಷವೇ ಕೆಳಗಿಳಿಯಿತು. ಆ ಒಂದು ಋತುವಿನ ಎದುರಾಳಿಗಳಲ್ಲಿ ಶ್ರೀನಗರದ, ಐಜ್ವಾಲ್‌ನ, ಶಿಲ್ಲಾಂಗ್‌ನ, ಗೋವಾದ ಕ್ಲಬ್‌ಗಳಿದ್ದವು. ಬಡ್ತಿ ಎಂದರೆ ಗೌರವ ಮಾತ್ರವಲ್ಲ. ವಿಮಾನದ ಟಿಕೆಟ್, ಹೋಟೆಲ್, ಫಿಸಿಯೊ, ಪರವಾನಗಿ ಪಡೆದ ಕೋಚ್, ಮೈದಾನದ ಬಾಡಿಗೆ, ಕಿರಿಯರ ತಂಡಗಳು ಎಲ್ಲವೂ ಒಟ್ಟಿಗೆ ಬೆನ್ನೇರುತ್ತವೆ. ಆದಾಯದ ಕಡೆ ನೋಡಿದರೆ ಗೇಟ್ ಹಣ ಹೆಸರಿಗಷ್ಟೆ, ಪ್ರಸಾರ ಹಕ್ಕಿನ ಪಾಲು ದೊಡ್ಡದಲ್ಲ, ಪ್ರಾಯೋಜಕರು ವರ್ಷದಿಂದ ವರ್ಷಕ್ಕೆ ಬದಲಾಗುವವರು. ಉಳಿದದ್ದು ಮಾಲೀಕನ ಜೇಬು. ಆ ಜೇಬು ತುಂಬಿದ್ದಾಗ ಯಾರೂ ಪ್ರಶ್ನೆ ಕೇಳುವುದಿಲ್ಲ, ಬರಿದಾದಾಗ ಪ್ರಶ್ನೆ ಕೇಳಿ ಉಪಯೋಗವಿಲ್ಲ.

ನಿಯಮಗಳಿಲ್ಲ ಎಂದಲ್ಲ. ಏಷ್ಯಾದ ಫುಟ್‌ಬಾಲ್ ಒಕ್ಕೂಟದ ಮಾದರಿಯಲ್ಲಿ ನಮ್ಮಲ್ಲೂ ಕ್ಲಬ್ ಪರವಾನಗಿ ಪದ್ಧತಿ ಇದೆ. ಆಟ, ಮೂಲಸೌಕರ್ಯ, ಸಿಬ್ಬಂದಿ, ಕಾನೂನು, ಹಣಕಾಸು ಎಂಬ ಐದು ಬಗೆಯ ಅರ್ಹತೆಗಳನ್ನು ತೋರಿಸಬೇಕು. ಆಟಗಾರರ ಬಾಕಿ ಇರಬಾರದು, ಲೆಕ್ಕಪತ್ರ ಆಡಿಟ್ ಆಗಿರಬೇಕು. ಆದರೆ ಅರ್ಹತೆ ತಪ್ಪಿದವರಿಗೆ ವಿನಾಯಿತಿ ಕೊಟ್ಟು ಆಡಿಸುವುದು ರೂಢಿಯಾಗಿದೆ. ಕ್ಲಬ್ ಹೊರಗಿಟ್ಟರೆ ಲೀಗೇ ಬಡವಾಗುತ್ತದೆ ಎಂಬ ಭಯ ಫೆಡರೇಷನ್ನಿಗೆ. ಆ ಭಯ ಅರ್ಥವಾಗುತ್ತದೆ. ಆದರೆ ವಿನಾಯಿತಿಯ ಸಾಲವನ್ನು ಕೊನೆಗೆ ತೀರಿಸುವವನು ಇಪ್ಪತ್ತು ವರ್ಷದ ಆಟಗಾರ. 2025ರ ಆಗಸ್ಟ್‌ನಲ್ಲಿ ಬಂದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಫೆಡರೇಷನ್ನುಗಳನ್ನು ಸರಿದಾರಿಗೆ ತರಲು ಹೊರಟಿದೆ, ಸ್ವಾಗತಿಸಬೇಕಾದ್ದೇ. ಸಣ್ಣ ಕ್ಲಬ್ಬಿನ ಕ್ಯಾಶ್‌ಬುಕ್ಕಿನವರೆಗೆ ಅದರ ಕೈ ಚಾಚುವುದಿಲ್ಲ.

ಹಣವಂತ ದೇಶದಲ್ಲಿ ಹೀಗಾಗದು ಎನ್ನುವವರು ಇಂಗ್ಲೆಂಡಿನ ಬರಿ ಊರನ್ನು ನೋಡಬೇಕು. ಜನಸಂಖ್ಯೆಯಲ್ಲಿ ಹಾವೇರಿಗಿಂತ ಸ್ವಲ್ಪ ದೊಡ್ಡದು, ರಾಣೆಬೆನ್ನೂರಿಗಿಂತ ಚಿಕ್ಕದು. 1885ರಲ್ಲಿ ಹುಟ್ಟಿದ ಬರಿ ಎಫ್‌ಸಿ 2018ರ ಡಿಸೆಂಬರ್‌ನಲ್ಲಿ ಕೇವಲ ಒಂದು ಪೌಂಡಿಗೆ ಕೈ ಬದಲಾಯಿತು. 2019ರ ವಸಂತದಲ್ಲಿ ಆಟಗಾರರು ಮೂರನೆಯ ದರ್ಜೆಗೆ ಬಡ್ತಿ ಗಳಿಸಿಕೊಟ್ಟರು, ಸಂಬಳ ಸರಿಯಾಗಿ ಬಾರದಿದ್ದಾಗಲೂ. ಆಗಸ್ಟ್ 27ರಂದು ಲೀಗ್ ಆ ಕ್ಲಬ್ಬನ್ನೇ ಹೊರಹಾಕಿತು. ಸಾಲ ತೀರಿಸುವ ಹಣದ ಪುರಾವೆಯನ್ನು ಮಾಲೀಕರು ತೋರಿಸಿರಲಿಲ್ಲ. ಮೈದಾನದಲ್ಲಿ ಗೆದ್ದ ಕ್ಲಬ್ ಕಚೇರಿಯಲ್ಲಿ ಸತ್ತಿತು. ಅದನ್ನು ಎಬ್ಬಿಸಿದವರು ಊರಿನವರೇ. ಅಭಿಮಾನಿಗಳು ಒಟ್ಟಾಗಿ 2022ರಲ್ಲಿ ಗಿಗ್ ಲೇನ್ ಮೈದಾನವನ್ನು ಮರಳಿ ಪಡೆದರು. 2023ರಲ್ಲಿ ಬರಿ ಎಫ್‌ಸಿ ಹೆಸರಿನ ತಂಡ ಬಹಳ ಕೆಳಗಿನ ದರ್ಜೆಯಿಂದ ಮತ್ತೆ ಆಟ ಶುರು ಮಾಡಿತು. ಆ ಪತನದ ಪಾಠವೂ ಸೇರಿಯೇ ಇಂಗ್ಲೆಂಡ್ 2025ರಲ್ಲಿ ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕನನ್ನು ನೇಮಿಸುವ ಕಾಯ್ದೆ ತಂದಿತು. ಜರ್ಮನಿ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದ್ದೇ ಆಗಿರಬೇಕು ಎಂಬ ನಿಯಮವಿದೆ. ಕೆಲವು ವಿನಾಯಿತಿಗಳೂ ಇವೆ, ಆದರೆ ಬುಡ ಗಟ್ಟಿಯಾಗಿದೆ.

ಇನ್ನು ನಮ್ಮ ಹಾವೇರಿ ಜಿಲ್ಲೆಗೆ ಬರೋಣ. ಇಲ್ಲಿ ಆಟಕ್ಕೆ ಹಣ ಹಾಕುವವರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೀಪಾವಳಿ ಕಳೆದ ಮೇಲೆ ಕೊಬ್ಬರಿ ಹೋರಿ ಬೆದರಿಸುವ ಸ್ಪರ್ಧೆಗಳನ್ನು ನೋಡಿ. ಹೋರಿಗೆ ಹೆಸರು, ಹೆಸರಿಗೊಂದು ಅಭಿಮಾನಿ ಬಳಗ, ಗೆದ್ದವರಿಗೆ ಬೈಕು, ಬಂಗಾರ. ಸಾವಿರಾರು ಜನ ಸೇರುತ್ತಾರೆ. ಸಾವುನೋವುಗಳ ಕಾರಣಕ್ಕೆ ಆ ಸ್ಪರ್ಧೆಯ ಬಗ್ಗೆ ನನ್ನ ತಕರಾರು ಬೇರೆಯೇ ಇದೆ, ಅದು ಇಲ್ಲಿಯ ವಿಷಯವಲ್ಲ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳು, ಜಾತ್ರೆಯ ಕುಸ್ತಿ ಎಲ್ಲಕ್ಕೂ ಊರವರು ಕೈಬಿಚ್ಚಿ ಕೊಡುತ್ತಾರೆ. ಕೊರತೆ ಇರುವುದು ಕೊಟ್ಟ ಹಣದ ಜಾಡಿನಲ್ಲಿ. ಯಾರಿಂದ ಎಷ್ಟು ಬಂತು, ಪೆಂಡಾಲಿಗೆಷ್ಟು, ಬಹುಮಾನಕ್ಕೆಷ್ಟು, ಉಳಿದದ್ದು ಯಾರ ಬಳಿ ಎಂದು ಕೇಳಿದರೆ ಸಂಘದ ಹುಡುಗರಿಗೆ ಅವಮಾನವಾಗುತ್ತದೆ, ಕೇಳಿದವರು ದ್ವೇಷ ಕಟ್ಟಿಕೊಳ್ಳುತ್ತಾರೆ. ಹಾಗಾಗಿ ಯಾರೂ ಕೇಳುವುದಿಲ್ಲ. ಚುನಾವಣೆಯ ವರ್ಷ ಒಬ್ಬ ನಾಯಕರ ಹಣದಿಂದ ತಂಡಕ್ಕೆ ಜೆರ್ಸಿ ಬರುತ್ತದೆ. ಮರುವರ್ಷ ಅವರು ಬರುವುದಿಲ್ಲ, ತಂಡವೂ ಇರುವುದಿಲ್ಲ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೀಗೆ ಸಾಗುವುದಿಲ್ಲ. ಲಾಟ್ ಲಾಟಿಗೂ ಟೆಂಡರ್, ತೂಕಕ್ಕೆ ಚೀಟಿ, ದಲಾಲರ ಅಂಗಡಿಯಲ್ಲಿ ರೈತನ ಹೆಸರಿಗೆ ಲೆಕ್ಕ. ದರದ ಬಗ್ಗೆ ನಂಬಿಕೆ ಕಳೆದರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ 11ರಂದು ಆ ಊರು ಕಂಡಿದೆ. ಅಂದು ವಾಹನಗಳು ಸುಟ್ಟವು. ಒಂದು ಚೀಲ ಮೆಣಸಿನಕಾಯಿಗೆ ಇಷ್ಟು ಲೆಕ್ಕ ಇಡುವ ವರ್ತಕರೇ ಯುವಕ ಸಂಘಕ್ಕೆ ಐದು ಸಾವಿರ, ಹತ್ತು ಸಾವಿರ ಕೊಟ್ಟಾಗ ರಸೀದಿ ಕೇಳುವುದಿಲ್ಲ. ಅವರು ಕೇಳತೊಡಗಿದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ ಹೊಸ ಕಾನೂನು ಬೇಕಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಿಂದ ಇದೆ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಆಡಿಟ್ ಆದ ಲೆಕ್ಕ ಮತ್ತು ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹೀಗೆ ನಡೆದುಕೊಂಡ ಸಂಘಕ್ಕೆ ಬೇರೆ ಬಾಗಿಲುಗಳೂ ತೆರೆಯುತ್ತವೆ. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕು. ಗ್ರಾಮೀಣ ಕ್ರೀಡೆಯ ತರಬೇತಿ, ಒಲಿಂಪಿಕ್ ಕ್ರೀಡೆಗಳ ತರಬೇತಿ ಆ ಪಟ್ಟಿಯಲ್ಲೇ ಇವೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಗ್ರಾಸಿಮ್‌ನಂಥ ದೊಡ್ಡ ಕಂಪನಿಯ ಕಾರ್ಖಾನೆ ಇದೆ. ಬಿತ್ತನೆ ಬೀಜದ ವ್ಯಾಪಾರದಲ್ಲಿ ರಾಣೆಬೆನ್ನೂರಿನ ಹೆಸರು ದೊಡ್ಡದು. ಆದರೆ ನೋಂದಣಿ ಇಲ್ಲದ, ಬ್ಯಾಂಕ್ ಖಾತೆ ಒಬ್ಬನ ಹೆಸರಿನಲ್ಲಿರುವ, ಮೂರು ವರ್ಷದ ಆಡಿಟ್ ತೋರಿಸಲಾರದ ಸಂಘಕ್ಕೆ ಕಂಪನಿ ಹಣ ಕೊಡಬೇಕೆಂದರೂ ಕೊಡಲಾಗದು. 2021ರ ಏಪ್ರಿಲ್‌ನಿಂದ ಅಂಥ ಹಣ ಪಡೆಯುವ ಸಂಸ್ಥೆ ಕೇಂದ್ರ ಸರ್ಕಾರದಲ್ಲಿ ಹೆಸರು ನೋಂದಾಯಿಸಿರುವುದೂ ಕಡ್ಡಾಯ.

ಈ ನೆಲಕ್ಕೆ ಇದು ಹೊರಗಿನ ವಿಚಾರವಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಪಕ್ಕದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಸಾಹುಕಾರನ ಮರ್ಜಿಯಿಂದ ರೈತನನ್ನು ಬಿಡಿಸಲು ಅವರು ಷೇರು, ಸಭೆ, ಠರಾವು, ಲೆಕ್ಕಪುಸ್ತಕ ಎಂಬ ದಾರಿ ಹಿಡಿದರು. ಕ್ಲಬ್ಬನ್ನು ಒಬ್ಬ ಪೋಷಕನ ಮರ್ಜಿಯಿಂದ ಬಿಡಿಸಲು ಬೇಕಾಗಿರುವುದೂ ಅದೇ. ವರ್ಷಕ್ಕೆ ನೂರು ರೂಪಾಯಿ ವಂತಿಗೆ ಕೊಡುವ ಐನೂರು ಸದಸ್ಯರು ಐದು ಲಕ್ಷ ಕೊಡುವ ಒಬ್ಬ ದಾನಿಗೆ ಹಣದಲ್ಲಿ ಸಮನಾಗಲಾರರು. ಆದರೆ ದಾನಿ ಹೊರಟುಹೋದ ಮೇಲೂ ಉಳಿಯುವವರು ಅವರೇ, ಲೆಕ್ಕ ಕೇಳುವ ಹಕ್ಕು ಇರುವವರೂ ಅವರೇ.

ಊರಿನ ಹೆಸರಷ್ಟೇ ಊರಿನದಾಗಿ, ಉಳಿದದ್ದೆಲ್ಲ ಮಾಲೀಕರದ್ದಾದರೆ ಆಗುವ ಅಪಾಯವನ್ನು ಕ್ರಿಕೆಟ್‌ನಲ್ಲೂ ಕಂಡಿದ್ದೇವೆ. ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ ಹೆಸರಿನ ತಂಡಗಳಿದ್ದ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) 2019ರ ಬೆಟ್ಟಿಂಗ್, ಮ್ಯಾಚ್ ಫಿಕ್ಸಿಂಗ್ ಆರೋಪಗಳಲ್ಲಿ ಮುಗಿದುಹೋಯಿತು. ಬೆಳಗಾವಿ ತಂಡದ ಮಾಲೀಕರನ್ನೇ ಪೊಲೀಸರು ಬಂಧಿಸಿದ್ದರು. ಬೆಳಗಾವಿಯ ಜನರಿಗೆ ಆ ತಂಡದಲ್ಲಿ ಒಂದು ಮತವೂ ಇರಲಿಲ್ಲ, ಕಳಂಕ ಮಾತ್ರ ಊರಿನ ಹೆಸರಿಗೆ ತಟ್ಟಿತು.

ರಾಜ್ಯ ಫುಟ್‌ಬಾಲ್ ಸಂಸ್ಥೆಯೂ ಕ್ರೀಡಾ ಇಲಾಖೆಯೂ ಜಿಲ್ಲೆಗಳಲ್ಲಿ ಲೀಗ್ ಬೆಳೆಸುವ ಮಾತಾಡುವುದಾದರೆ ಮೊದಲು ಒಂದು ಷರತ್ತು ಹಾಕಲಿ. ಆಡಿಟ್ ಆದ ಲೆಕ್ಕವನ್ನು ಸಾರ್ವಜನಿಕವಾಗಿ ಇಡದ ಕ್ಲಬ್ಬಿಗೆ ಅನುದಾನವೂ ಬೇಡ, ಜಿಲ್ಲಾ ಕ್ರೀಡಾಂಗಣದ ಬಳಕೆಯೂ ಬೇಡ. ಆಟಗಾರನೊಂದಿಗೆ ಕನ್ನಡದಲ್ಲಿ ಬರೆದ ಒಪ್ಪಂದ ಇರಲಿ, ಒಂದು ಪ್ರತಿ ಅವನ ಮನೆಯಲ್ಲಿರಲಿ. ಕನಿಷ್ಠ ಮೂರು ತಿಂಗಳ ಸಂಬಳದಷ್ಟು ಹಣ ಠೇವಣಿ ಇಟ್ಟ ಮೇಲೆ ತಂಡ ನೋಂದಣಿಯಾಗಲಿ. ಇದರಿಂದ ಕ್ಲಬ್‌ಗಳ ಸಂಖ್ಯೆ ಕಡಿಮೆಯಾಗಬಹುದು, ಆಗಲಿ. ಹತ್ತು ಕ್ಲಬ್ ಹುಟ್ಟಿ ಎಂಟು ಸಾಯುವುದಕ್ಕಿಂತ ಹುಟ್ಟಿದ ಮೂರು ಬದುಕುವುದು ಆಟಗಾರನಿಗೆ ಒಳ್ಳೆಯದು.

ಸರ್ಕಾರ ಇದನ್ನು ಮಾಡುವವರೆಗೆ ಕಾಯಬೇಕಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವರ್ತಕರಲ್ಲಿ, ಉದ್ದಿಮೆದಾರರಲ್ಲಿ, ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ನಿಮ್ಮೂರಿನ ಹುಡುಗರು ತಂಡಕ್ಕಾಗಿ ಹಣ ಕೇಳಿ ಬಂದಾಗ ಬರಿಗೈಲಿ ಕಳಿಸಬೇಡಿ. ಕೊಡಿ, ರಸೀದಿ ಪಡೆಯಿರಿ, ಹೋದ ವರ್ಷದ ಲೆಕ್ಕ ತೋರಿಸಲು ಹೇಳಿ.