ಒಂದೇ ಮರ, ಎರಡು ಲೆಕ್ಕ

ನಕ್ಷೆ ಎಳೆಯುವುದು ಹೈಸ್ಕೂಲು ಮಕ್ಕಳಿಗೆ ಚೆನ್ನಾಗಿ ಗೊತ್ತು. ಎಕ್ಸ್ ಅಕ್ಷದಲ್ಲಿ ವರ್ಷ, ವೈ ಅಕ್ಷದಲ್ಲಿ ಮೌಲ್ಯ, ಮೂಲೆಯಲ್ಲಿ ಪ್ರಮಾಣ ಬರೆದರೆ ಪೂರ್ಣ ಅಂಕ. ಆದರೆ ವೈ ಅಕ್ಷದ ಏಕಮಾನವೇ ವರ್ಷದಿಂದ ವರ್ಷಕ್ಕೆ ಹಿಗ್ಗಿ ಕುಗ್ಗುತ್ತಿದ್ದರೆ? ಮೀಟರ್ ಪಟ್ಟಿ ಹಾಗೆ ಮಾಡುವುದಿಲ್ಲ, ಹಣ ಮಾಡುತ್ತದೆ. ಕೆನಡಾ ಮತ್ತು ಅಮೆರಿಕದ ನಡುವಣ ಮೆದುಮರದ ವ್ಯಾಪಾರವನ್ನೇ ನೋಡೋಣ.

ಮೆದುಮರವೆಂದರೆ ಪೈನ್, ಸ್ಪ್ರೂಸ್, ಫರ್ ಮುಂತಾದ ಅನಾವೃತ ಬೀಜ ಸಸ್ಯಗಳ ಮರ. ಹೆಸರು ನೋಡಿ ಮೋಸಹೋಗಬೇಡಿ. ಬೆಂಡಿನಂತೆ ಹಗುರವಾದ ಬಾಲ್ಸಾ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗಟ್ಟಿಮರ! ಅಮೆರಿಕದ ಮನೆಗಳ ಚೌಕಟ್ಟು ಹೆಚ್ಚಾಗಿ ಮೆದುಮರದ್ದು. ಅವರು ಹೊರಗಿನಿಂದ ತರಿಸುವ ಈ ಮರದಲ್ಲಿ ಬಹುಪಾಲು ಕೆನಡಾದ್ದು. ನಮ್ಮ ಟಿಂಬರ್ ಡಿಪೋಗಳಲ್ಲಿ ಘನ ಅಡಿಯ ಲೆಕ್ಕ; ಅಲ್ಲಿ ಬೋರ್ಡ್ ಫುಟ್. ಅಂದರೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪ. ಇಂಥ ಹನ್ನೆರಡು ಸೇರಿದರೆ ಒಂದು ಘನ ಅಡಿ.

ಈ ಮರಕ್ಕಾಗಿ ಎರಡೂ ದೇಶಗಳು 1982ರಿಂದ ಜಗಳವಾಡುತ್ತಿವೆ. ಕೆನಡಾದ ಕಾಡು ಬಹುತೇಕ ಪ್ರಾಂತ ಸರ್ಕಾರಗಳದ್ದು. ಅವು ಮರ ಕಡಿಯಲು ತೀರ ಕಡಿಮೆ ಶುಲ್ಕ ಪಡೆಯುತ್ತವೆ, ಅದೂ ಒಂದು ಸಹಾಯಧನವೇ ಎಂಬುದು ಅಮೆರಿಕದ ಮಿಲ್ಲುಗಳ ದೂರು. 2002ರಲ್ಲಿ ಅಮೆರಿಕ ಸುಮಾರು ಶೇ. 27ರಷ್ಟು ಸುಂಕ ಹೇರಿತು. 2006ರ ಒಪ್ಪಂದ 2015ರಲ್ಲಿ ಮುಗಿದ ಮೇಲೆ ಮತ್ತೆ ಅದೇ ಕಥೆ.

ಇಂಥ ಜಗಳದಲ್ಲಿ ಅಂಕಿಗಳೇ ಸಾಕ್ಷಿ. ಸ್ವಾರಸ್ಯವೆಂದರೆ 1990ರಿಂದ ಅಮೆರಿಕ ದಾಖಲಿಸಿದ ಆಮದನ್ನೇ ಕೆನಡಾ ತನ್ನ ರಫ್ತೆಂದು ಬರೆದುಕೊಳ್ಳುತ್ತದೆ. ಆಮದನ್ನು ಯಾವ ದೇಶವಾದರೂ ಕಣ್ಣಿಟ್ಟು ಎಣಿಸುತ್ತದೆ, ಸುಂಕ ಬರಬೇಕಲ್ಲ! ಹಾಗಾದರೆ ಎರಡು ದೇಶಗಳ ನಕ್ಷೆಗಳೂ ಒಂದೇ ಆಗಬೇಕು. ಆಗುವುದಿಲ್ಲ.

2002ರ ಜನವರಿಯಲ್ಲಿ ಒಂದು ಕೆನಡಾ ಡಾಲರಿಗೆ ಸುಮಾರು 62 ಅಮೆರಿಕನ್ ಸೆಂಟ್ ಸಿಗುತ್ತಿತ್ತು. ಅಂದು 1,000 ಅಮೆರಿಕನ್ ಡಾಲರಿಗೆ ಮರ ಮಾರಿದ ಮಿಲ್ಲಿನ ಕೈಗೆ ಸುಮಾರು 1,600 ಕೆನಡಾ ಡಾಲರ್ ಬಂತು. 2007ರ ಸೆಪ್ಟೆಂಬರಿನಲ್ಲಿ ಎರಡೂ ಡಾಲರುಗಳು ಸಮನಾದವು. ಅದೇ ಮರ, ಅದೇ 1,000 ಅಮೆರಿಕನ್ ಡಾಲರ್; ಕೈಗೆ ಬಂದದ್ದು 1,000 ಮಾತ್ರ. ಅಮೆರಿಕದ ನಕ್ಷೆಯಲ್ಲಿ ಗೆರೆ ಅಡ್ಡಕ್ಕೆ ನೇರ, ಕೆನಡಾದ ನಕ್ಷೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಸಿತ. ಮಿಲ್ಲಿನ ಕೂಲಿ, ಕರೆಂಟು ಬಿಲ್ಲು ಎಲ್ಲ ಕೆನಡಾ ಡಾಲರಿನಲ್ಲೇ. ಇದರ ಮೇಲೆ ಅಮೆರಿಕದಲ್ಲಿ ಮನೆ ಕಟ್ಟುವವರೇ ಇಲ್ಲವಾದರು: 2005ರಲ್ಲಿ 20 ಲಕ್ಷಕ್ಕೂ ಹೆಚ್ಚು ಹೊಸ ಮನೆಗಳ ಕೆಲಸ ಶುರುವಾಗಿದ್ದರೆ, 2009ರಲ್ಲಿ ಸುಮಾರು ಐದೂವರೆ ಲಕ್ಷ. ಕೆನಡಾದಲ್ಲಿ ಮಿಲ್ಲುಗಳು ಮುಚ್ಚಿದವು, ಅವನ್ನೇ ನಂಬಿದ್ದ ಊರುಗಳು ಸೊರಗಿದವು.

ಬೆಲೆಯ ಆಟ ಬೇರೆ. 2021ರ ಮೇ ತಿಂಗಳಲ್ಲಿ ಅಮೆರಿಕದ ವಾಯಿದಾ ಪೇಟೆಯಲ್ಲಿ ಸಾವಿರ ಬೋರ್ಡ್ ಫುಟ್ಟಿನ ಬೆಲೆ 1,600 ಡಾಲರ್ ದಾಟಿತ್ತು. ಆಗಸ್ಟ್ ಹೊತ್ತಿಗೆ ಮೂರನೇ ಒಂದು ಪಾಲಿನಷ್ಟಕ್ಕೆ ಇಳಿದಿತ್ತು. ಆ ವರ್ಷದ ಮೌಲ್ಯದ ಗೆರೆ ನೋಡಿ ಎಷ್ಟು ಮರ ಗಡಿ ದಾಟಿತೆಂದು ಹೇಳಹೊರಟರೆ ಕೆಟ್ಟಂತೆಯೇ.

ಪುಟಾಣಿ ಲೆಕ್ಕವೊಂದು, ತಂದೆತಾಯಿಗಳೂ ಕೂಡಬಹುದು. ಒಂದು ಮಿಲ್ಲು ಮೊದಲ ವರ್ಷ 1,000 ಬೋರ್ಡ್ ಫುಟ್ ಮರವನ್ನು 400 ಡಾಲರಿಗೂ ಮರುವರ್ಷ 700 ಬೋರ್ಡ್ ಫುಟ್ ಮರವನ್ನು 630 ಡಾಲರಿಗೂ ಮಾರಿತೆನ್ನಿ. ಮೌಲ್ಯ ಶೇಕಡಾ ಎಷ್ಟು ಏರಿತು? ಮರ ಶೇಕಡಾ ಎಷ್ಟು ಇಳಿಯಿತು? ಎರಡು ಗೆರೆಗಳನ್ನೂ ಒಂದೇ ಹಾಳೆಯಲ್ಲಿ ಎಳೆಯಿರಿ.