ನೀಲಿ ಮಾತ್ರೆ ಕಿಟಕಿಯಾಚೆ ಏಕೆ ಬಿತ್ತು?

ಬಿ.ಇಡಿ ತರಬೇತಿಯ ಭಾಗವಾಗಿ ಶಿಗ್ಗಾವಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕೆಲವು ವಾರ ಪಾಠ ಮಾಡಿದೆ. ವಾರಕ್ಕೊಮ್ಮೆ ಊಟದ ನಂತರ ಮಕ್ಕಳಿಗೆ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಿದ್ದರು. ಒಂದು ದಿನ ಕಿಟಕಿಯಾಚೆ ನೋಡಿದರೆ ಹತ್ತಿಪ್ಪತ್ತು ಮಾತ್ರೆಗಳು ಮಣ್ಣಲ್ಲಿ ಬಿದ್ದಿದ್ದವು. ತಾಂಡಾದಿಂದ ಬರುವ ಒಂಬತ್ತನೇ ತರಗತಿ ಹುಡುಗಿಯನ್ನು ಕೇಳಿದೆ. ‘ತಿಂದ್ರ ಹೊಟ್ಟಿ ತೊಳಸ್ತೈತ್ರಿ ಟೀಚರ್, ಸಂಡಾಸ ಕರ್ರಗ ಆಗ್ತೈತಿ. ಮುಂದ ಮಕ್ಕಳಾಗಂಗಿಲ್ಲಂತ ನಮ್ಮ ಯಾಡಿ ಬೈತಾಳ’ ಎಂದಳು.

ಮಲ ಕಪ್ಪಾಗುವುದು ಕಬ್ಬಿಣಾಂಶದಿಂದ, ಅದರಿಂದ ಅಪಾಯವಿಲ್ಲ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದೂ ಕಡಿಮೆ. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷವೇ ಯಾರಿಗೂ ಸಿಕ್ಕಿರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59.1ರಷ್ಟು, ಹುಡುಗರಲ್ಲಿ ಶೇ 31.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಯೋಜನೆಗಳಿಗೇನೂ ಬರವಿಲ್ಲ. ಆಯುಷ್ಮಾನ್ ಭಾರತ್ ಅಡಿ 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದಂತೆ ಪ್ರತಿ ಶಾಲೆಯ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಿ ವಾರಕ್ಕೊಂದು ತಾಸು ಪಾಠ ಮಾಡಬೇಕು. ಆದರೆ ನಾನಿದ್ದ ಶಾಲೆಯಲ್ಲಿ ಆ ತಾಸು ಎಸ್ಸೆಸ್ಸೆಲ್ಸಿ ಗಣಿತಕ್ಕೆ ಹೋಗುತ್ತಿತ್ತು. ಶಿಕ್ಷಕರನ್ನೇ ದೂರಲಾರೆ, ಫಲಿತಾಂಶ ಕುಸಿದರೆ ನೋಟಿಸ್ ಬರುತ್ತದೆ, ಹಿಮೋಗ್ಲೋಬಿನ್ ಕುಸಿದರೆ ಯಾರೂ ಕೇಳುವುದಿಲ್ಲ.

ಬುಡಕಟ್ಟು ಮಕ್ಕಳ ಆರೋಗ್ಯ ಎಂದೊಡನೆ ನಮಗೆ ನೆನಪಾಗುವುದು ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹೆಚ್ಚೆಂದರೆ ಯಲ್ಲಾಪುರ, ಮುಂಡಗೋಡದ ಸಿದ್ದಿಗಳು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಲ್ಲಿ ಹಾಡಿಗಳಿಲ್ಲ. ಇಲ್ಲಿರುವುದು ವಾಲ್ಮೀಕಿ ನಾಯಕರ ಓಣಿಗಳು, ಲಂಬಾಣಿ ತಾಂಡಾಗಳು. ನಾಯಕರು ಪರಿಶಿಷ್ಟ ಪಂಗಡ. ಲಂಬಾಣಿಗರು ತೆಲಂಗಾಣದಲ್ಲಿ ಪಂಗಡ, ನಮ್ಮಲ್ಲಿ ಪರಿಶಿಷ್ಟ ಜಾತಿ. ಪಟ್ಟಿ ನೋಡಿ ಯೋಜನೆ ಮಾಡುವವರಿಗೆ ಈ ವ್ಯತ್ಯಾಸ ದೊಡ್ಡದು. ಮಾತ್ರೆ ಎಸೆದ ಹುಡುಗಿಗೆ ಅದರಿಂದ ಆಗುವುದೇನು?

ಪುಸ್ತಕದ ಪಾಠ ಈ ಮಕ್ಕಳ ದಿನಚರಿಯನ್ನು ಮುಟ್ಟುವುದೂ ಇಲ್ಲ. ಹಾನಗಲ್ ಭತ್ತದ ಸೀಮೆ. ರಜೆಯಲ್ಲಿ ಅವ್ವನ ಜೊತೆ ಬರಿಗಾಲಲ್ಲಿ ಗದ್ದೆಗಿಳಿಯುವ ಮಕ್ಕಳಿದ್ದಾರೆ. ಬಯಲು ಶೌಚದಿಂದ ಕೆಟ್ಟ ಹಸಿ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳಿಗೆ ಅಂಟಿ ರಕ್ತ ಹೀರುತ್ತವೆ. ಜಂತುಹುಳು ಮಾತ್ರೆ, ಚಪ್ಪಲಿ, ಶೌಚಾಲಯ ಮೂರೂ ಒಂದೇ ಪಾಠ ಎಂದು ತಿಳಿದರೆ ಮಕ್ಕಳು ಮರೆಯುವುದಿಲ್ಲ. ಊಟವಾದ ಕೂಡಲೇ ಕುಡಿಯುವ ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ, ಲಿಂಬೆಹುಳಿ ಸೇರಿಸುತ್ತದೆ ಎಂದಾಗ ನನ್ನ ತರಗತಿ ಮೊದಲ ಬಾರಿ ಪ್ರಶ್ನೆ ಕೇಳಿತು.

ಆ ಹುಡುಗಿಯೂ ಕೇಳಿದಳು: ‘ಇದನ್ನ ನಮ್ಮ ಯಾಡಿಗೆ ಬಂದು ಹೇಳ್ತೀರೇನ್ರಿ?’ ಹೋದೆ. ನನ್ನ ಕನ್ನಡ ಅರ್ಧ ಮುಟ್ಟಿತು. ಉಳಿದರ್ಧವನ್ನು ಮಗಳೇ ಲಂಬಾಣಿಯಲ್ಲಿ ಹೇಳಿದಳು.

ಅದೇ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಲಂಬಾಣಿ ಹಾಡು ಗೊತ್ತಿರುವವರು, ನರ್ಸಿಂಗ್ ಓದುತ್ತಿರುವ ತಾಂಡಾದ ಹುಡುಗಿಯರು, ಎಂ.ಎಸ್‌.ಡಬ್ಲ್ಯು ಕ್ಷೇತ್ರಕಾರ್ಯಕ್ಕೆ ಊರು ಹುಡುಕುವ ನಮ್ಮಂಥವರು ಒಟ್ಟಿಗೆ ಕೂತರೆ ನಾಲ್ಕು ತಾಲ್ಲೂಕಿನ ಶಾಲೆಗಳಿಗೆ ಬೇಕಾದ ಪಾಠವನ್ನು ಒಂದು ಬೇಸಿಗೆ ರಜೆಯಲ್ಲಿ ಸಿದ್ಧಪಡಿಸಬಹುದು. ಅದನ್ನು ಹೇಳಲು ವಾರದ ಆ ಒಂದು ತಾಸನ್ನು ಮಾತ್ರ ಶಿಕ್ಷಣ ಇಲಾಖೆ ಗಣಿತದಿಂದ ಬಿಡಿಸಿಕೊಡಬೇಕು.